ಕೂಲಿಮಠ, ಕನ್ಯಾಮಠ, ಕಾನ್ವೆಂಟು

ದಾವಣಗೆರೆ ಮತ್ತು ಹರಿಹರದ ಆಡುಮಾತಿನಲ್ಲಿ ಮಗುವನ್ನು 'ಕಾನ್ವೆಂಟಿಗೆ ಹಾಕುವುದು' ಎಂದರೆ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗೆ ಸೇರಿಸುವುದು ಎಂದಷ್ಟೇ ಅರ್ಥ. ಆ ಶಾಲೆಯನ್ನು ನಡೆಸುವವರು ಯಾವ ಮತದವರು, ಅಲ್ಲಿ ಸನ್ಯಾಸಿನಿಯರು ಇದ್ದಾರೆಯೇ ಇಲ್ಲವೇ ಎಂಬ ಪ್ರಶ್ನೆಗಳು ಆ ಮಾತಿನೊಳಗೆ ಏಳುವುದೇ ಇಲ್ಲ. ದೇವರ ಹೆಸರಿಗೋ ಶರಣರ ಹೆಸರಿಗೋ ಕಾನ್ವೆಂಟ್ ಎಂಬ ಬಾಲವನ್ನು ಅಂಟಿಸಿಕೊಂಡ ಫಲಕಗಳು ಮಧ್ಯ ಕರ್ನಾಟಕದ ಊರುಗಳಲ್ಲಿ ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಪಿ.ಜೆ. ಬಡಾವಣೆಯ ಸೇಂಟ್ ಪಾಲ್ಸ್ ಕಾನ್ವೆಂಟಿನಂತಹ ಕಥೋಲಿಕ ಸಂಸ್ಥೆಯ ಹೆಸರಿನಲ್ಲಿರುವ ಪದವೂ, ಓಣಿಯ ತಿರುವಿನಲ್ಲಿ ಎರಡು ಕೋಣೆಗಳಲ್ಲಿ ನಡೆಯುವ ಶಿಶುವಿಹಾರದ ಹೆಸರಿನಲ್ಲಿರುವ ಪದವೂ ಒಂದೇ ಆಗಿದ್ದರೂ ಅವೆರಡರ ನಡುವೆ ಸುಮಾರು ನೂರೈವತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆ ಮೂಲತಃ ಹೆಣ್ಣುಮಕ್ಕಳ ಶಾಲೆಯ ಚರಿತ್ರೆ, ಇನ್ನೂ ನಿಖರವಾಗಿ ಹೇಳಬೇಕೆಂದರೆ ಹೆಣ್ಣುಮಕ್ಕಳಿಗೆ ಪಾಠ ಹೇಳಬಲ್ಲ ಹೆಂಗಸರನ್ನು ಹುಡುಕಿದ ಮತ್ತು ತಯಾರು ಮಾಡಿದ ಚರಿತ್ರೆ.

ಕಾನ್ವೆಂಟ್ ಎಂಬುದು ಲ್ಯಾಟಿನ್ ಭಾಷೆಯಲ್ಲಿ 'ಕೂಡಿಬರುವುದು' ಎಂಬ ಅರ್ಥದ ಕ್ರಿಯಾಪದದಿಂದ ಹುಟ್ಟಿದ ಪದ. ಮೊದಲು ಯಾವುದೇ ಸಭೆಗೆ, ಅನಂತರ ಒಂದೇ ನಿಯಮಕ್ಕೆ ಕಟ್ಟುಬಿದ್ದು ಒಟ್ಟಿಗೆ ಬಾಳುವ ಸನ್ಯಾಸಿಗಳ ಸಮುದಾಯಕ್ಕೆ, ಕಾಲಕ್ರಮದಲ್ಲಿ ಇಂಗ್ಲಿಷ್ ಬಳಕೆಯಲ್ಲಿ ಬಹುಮಟ್ಟಿಗೆ ಸನ್ಯಾಸಿನಿಯರು ವಾಸಿಸುವ ಮನೆಗೆ ಈ ಹೆಸರು ನಿಂತಿತು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ತೊಟ್ಟ ಈ ಸ್ತ್ರೀಯರನ್ನು ಕನ್ನಡ ಕ್ರೈಸ್ತರು ಕನ್ಯಾಸ್ತ್ರೀಯರು ಅಥವಾ ಧರ್ಮಭಗಿನಿಯರು ಎಂದೂ, ಅವರ ವಾಸಸ್ಥಾನವನ್ನು ಕನ್ಯಾಮಠ ಎಂದೂ ಕರೆಯುತ್ತಾರೆ. ಸನ್ಯಾಸಿಗಳ ಮನೆಯ ಹೆಸರು ಶಾಲೆಯ ಹೆಸರಾಗಿ ಮಾರ್ಪಟ್ಟದ್ದು ಇಂಗ್ಲಿಷಿನಿಂದ ಬಂದ ವಿಚಿತ್ರವೆಂದು ತೋರಬಹುದಾದರೂ ಕನ್ನಡದಲ್ಲಿ ಅದಕ್ಕಿಂತ ಹಳೆಯ ನಿದರ್ಶನವಿದೆ. ಊರಿನವರು ಕೂಡಿ ನಡೆಸುತ್ತಿದ್ದ, ಮಕ್ಕಳ ಮನೆಯವರು ಕೊಡುವ ದವಸ ಅಥವಾ ಕಾಸೇ ಗುರುವಿನ ಸಂಬಳವಾಗಿದ್ದ ಗ್ರಾಮಶಾಲೆಗೆ ಕೂಲಿಮಠ ಎಂದೇ ಹೆಸರಿತ್ತು. ಅಲ್ಲಿನ ಗುರುವನ್ನು ಐಗಳು ಎನ್ನುತ್ತಿದ್ದರು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ತಿದ್ದಿ, ಮಗ್ಗಿ ಒಪ್ಪಿಸಿ, ಕಪ್ಪು ಬಟ್ಟೆಯ ಕಡತ ಓದುವಷ್ಟಾದರೆ ಅಲ್ಲಿಗೆ ವಿದ್ಯೆ ಮುಗಿಯುತ್ತಿತ್ತು. ಮಠವೆಂದರೆ ಶಾಲೆ ಎಂಬ ಅರ್ಥ ಆಗಲೇ ರೂಢಿಯಲ್ಲಿದ್ದ ನಾಡಿಗೆ ಕಾನ್ವೆಂಟ್ ಎಂದರೆ ಶಾಲೆ ಎನ್ನುವುದು ಹೊಸ ತರ್ಕವೇನೂ ಆಗಿರಲಿಲ್ಲ.

ಆದರೆ ಕೂಲಿಮಠ ಗಂಡುಹುಡುಗರ ಜಾಗ. ಇದು ಎಷ್ಟರಮಟ್ಟಿಗೆ ನಿಜ ಎಂಬುದಕ್ಕೆ ದಾವಣಗೆರೆಯ ಪಕ್ಕದ ಸೀಮೆಯಿಂದಲೇ ಒಂದು ಲೆಕ್ಕ ಸಿಗುತ್ತದೆ. ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ತನ್ನ ಆಡಳಿತದ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಯಾರು ಓದುತ್ತಿದ್ದಾರೆ ಎಂದು ಕೇಳಿದ್ದಕ್ಕೆ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಬೆಲ್ 1823ರ ಆಗಸ್ಟ್‌ನಲ್ಲಿ ಕೊಟ್ಟ ವರದಿ ಅದು. ಇಂದು ದಾವಣಗೆರೆಯ ನೆರೆಯ ತಾಲ್ಲೂಕಾಗಿರುವ, 1997ರಿಂದ ಎರಡು ದಶಕ ಕಾಲ ದಾವಣಗೆರೆ ಜಿಲ್ಲೆಗೇ ಸೇರಿದ್ದ ಹರಪನಹಳ್ಳಿಯೂ ಆಗ ಬಳ್ಳಾರಿ ಜಿಲ್ಲೆಯಲ್ಲಿತ್ತು. ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡದವು, 226 ತೆಲುಗಿನವು, ಇಂಗ್ಲಿಷ್ ಕಲಿಸುವುದು ಒಂದೇ ಒಂದು. ಓದುತ್ತಿದ್ದ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಸುಮಾರು ಒಂಬತ್ತು ಲಕ್ಷ ಜನಸಂಖ್ಯೆಯ ಜಿಲ್ಲೆಯೊಂದರಲ್ಲಿ ಒಂದು ಶಾಲೆಯ ಅಂಗಳ ತುಂಬುವಷ್ಟೂ ಇಲ್ಲದ ಆ 60 ಹುಡುಗಿಯರು ಯಾರ ಮನೆಯವರು, ಮುಂದೇನಾದರು ಎಂದು ಕಲೆಕ್ಟರರ ಕಾಗದ ಹೇಳುವುದಿಲ್ಲ.

ಈ ಕೊರತೆಯನ್ನು ಮೊದಲು ಗುರುತಿಸಿದವರು ಕಥೋಲಿಕರಲ್ಲ, ಪ್ರೊಟೆಸ್ಟಂಟ್ ಮಿಷನ್‌ಗಳವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಧಾರವಾಡ, ಹುಬ್ಬಳ್ಳಿಗಳಿಗೂ ಹಬ್ಬಿ ಹೋದಲ್ಲೆಲ್ಲ ಕನ್ನಡ ಶಾಲೆಗಳನ್ನು ತೆರೆದರು, ಅವುಗಳಲ್ಲಿ ಬಾಲಕಿಯರ ಶಾಲೆಗಳೂ ಇದ್ದವು. ಬೆಂಗಳೂರಿನಲ್ಲಿ 1840ರ ದಶಕದಲ್ಲಿ ಲಂಡನ್ ಮಿಷನ್ನಿನ ಪಾದ್ರಿಗಳ ಪತ್ನಿಯರು ಕನ್ನಡ ಹುಡುಗಿಯರಿಗೆ ಪಾಠ ಆರಂಭಿಸಿದರು. ಪ್ರೊಟೆಸ್ಟಂಟ್ ಶಾಲೆಗಳಲ್ಲಿ ಪಾಠದ ಹೊಣೆ ಹೊತ್ತದ್ದು ಪಾದ್ರಿಯ ಹೆಂಡತಿ. ಗಂಡನಿಗೆ ವರ್ಗವಾದರೆ, ಬಾಣಂತನವಾದರೆ, ಕಾಯಿಲೆ ಬಿದ್ದರೆ ಶಾಲೆಯೂ ಅಲುಗಾಡುತ್ತಿತ್ತು. ಕಥೋಲಿಕ ಪಾದ್ರಿಗಳಿಗೆ ಹೆಂಡತಿಯರಿಲ್ಲ. ಗಂಡಸರೇ ಹೆಣ್ಣುಮಕ್ಕಳಿಗೆ ಪಾಠ ಹೇಳುವುದನ್ನು ಊರು ಒಪ್ಪುವಂತಿರಲಿಲ್ಲ, ಸ್ಥಳೀಯವಾಗಿ ಓದುಬಲ್ಲ ಹೆಂಗಸರು ಸಿಗುತ್ತಿರಲಿಲ್ಲ. ಹಾಗಾಗಿ ಯುರೋಪಿನ ಕನ್ಯಾಮಠಗಳಿಗೆ ಪತ್ರ ಬರೆಯುವುದೊಂದೇ ಅವರಿಗಿದ್ದ ದಾರಿ.

ಮೈಸೂರು ಸೀಮೆಯಲ್ಲಿ ಆ ಪತ್ರ ಬರೆದವರು ಪ್ಯಾರಿಸ್ ವಿದೇಶಿ ಮಿಷನ್ ಸಂಘಕ್ಕೆ ಸೇರಿದ ಫ್ರೆಂಚ್ ಧರ್ಮಾಧ್ಯಕ್ಷ, ಅಂದರೆ ಬಿಷಪ್, ಶಾರ್ಬೊನೊ. ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಮೇರಿ ಯೂಫ್ರೇಸಿಯಾ ಪೆಲ್ತಿಯೆ ಕಟ್ಟಿ ಬೆಳೆಸಿದ 'ಗುಡ್ ಶೆಫರ್ಡ್' ಸಂಸ್ಥೆಯ ಧರ್ಮಭಗಿನಿಯರು ಅವರ ಕರೆಗೆ ಓಗೊಟ್ಟು 1854ರಲ್ಲಿ ಬೆಂಗಳೂರಿಗೆ ಬಂದು ದಂಡುಪ್ರದೇಶದಲ್ಲಿ ನೆಲೆಸಿದರು. ಇಂದಿನ ಸೇಕ್ರೆಡ್ ಹಾರ್ಟ್ ಬಾಲಕಿಯರ ಶಾಲೆ ತನ್ನ ಆರಂಭವನ್ನು ಗುರುತಿಸುವುದು ಆ ವರ್ಷದಿಂದಲೇ, ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು 1886ರಲ್ಲಿ ತೆರೆದವರೂ ಅದೇ ಸಂಸ್ಥೆಯವರು. ಕಂಪನಿ ಸರ್ಕಾರಕ್ಕೆ ಚಾರ್ಲ್ಸ್ ವುಡ್ ಕಳುಹಿಸಿದ ಪ್ರಸಿದ್ಧ ಶಿಕ್ಷಣ ಆದೇಶವೂ 1854ರದೇ. ಖಾಸಗಿಯವರು ನಡೆಸುವ ಶಾಲೆಗಳಿಗೆ ಅನುದಾನ ಕೊಡಬಹುದು, ಹೆಣ್ಣುಮಕ್ಕಳ ಶಿಕ್ಷಣಕ್ಕೆ ಉತ್ತೇಜನ ಕೊಡಬೇಕು ಎಂದು ಆ ಆದೇಶ ಹೇಳಿದ್ದರಿಂದ ಮುಂದೆ ಕನ್ಯಾಮಠಗಳ ಶಾಲೆಗಳು ಧರ್ಮಕಾರ್ಯವಷ್ಟೇ ಆಗಿ ಉಳಿಯದೆ ಸರ್ಕಾರದ ಇನ್‌ಸ್ಪೆಕ್ಟರರ ತಪಾಸಣೆಗೆ ಒಳಪಟ್ಟ ಶಿಕ್ಷಣ ಸಂಸ್ಥೆಗಳಾದವು. ದಂಡುಪ್ರದೇಶದ ಈ ಶಾಲೆಗಳಲ್ಲಿ ಯುರೋಪಿಯನ್ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳಿಗೆ ಒಂದು ವ್ಯವಸ್ಥೆ, ಬಡ ದೇಶೀಯ ಮಕ್ಕಳಿಗೆ ಇನ್ನೊಂದು ಎಂಬ ಭೇದ ಬಹುಕಾಲ ಇತ್ತು ಎಂಬುದನ್ನು ಮರೆಮಾಚಬೇಕಿಲ್ಲ. ಕಾನ್ವೆಂಟ್ ಪದಕ್ಕೆ ಅಂಟಿದ ದೊಡ್ಡಸ್ತಿಕೆಯ ಬೇರು ಇರುವುದೂ ಅಲ್ಲಿಯೇ.

ಆದರೆ ಕನ್ನಡ ನಾಡಿನಲ್ಲಿ ಕಥೋಲಿಕ ಬಾಲಕಿಯರ ಶಾಲೆ ಹೇಗೆ ರೂಪುಗೊಂಡಿತು ಎಂಬುದನ್ನು ತಿಳಿಯಲು ಬೆಂಗಳೂರಿಗಿಂತ ಮಂಗಳೂರಿನ ಕಥೆ ಹೆಚ್ಚು ನೆರವಾಗುತ್ತದೆ. 1784ರಲ್ಲಿ ಟಿಪ್ಪುವಿನ ಸೆರೆಗೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ನಡೆದು, 1799ರ ಅನಂತರ ಅಳಿದುಳಿದವರು ಮರಳಿ ಬಂದು ನೆಲೆಯೂರಿದ ಕೊಂಕಣಿ ಕಥೋಲಿಕ ಸಮುದಾಯ ಅಲ್ಲಿತ್ತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ, ಸರ್ಕಾರದ ನೌಕರಿಗೆ ಇಂಗ್ಲಿಷ್ ಎಂಬ ನಾಲ್ಕು ಭಾಷೆಗಳ ಬದುಕಿನಲ್ಲಿ ಗಂಡಸರು ಮುಂದೆ ಸಾಗುತ್ತಿದ್ದರೂ ಹೆಣ್ಣುಮಕ್ಕಳಿಗೆ ತಕ್ಕ ಶಾಲೆ ಇರಲಿಲ್ಲ. ಈ ಕೊರತೆಯನ್ನು ಮನಸ್ಸಿಗೆ ಹಚ್ಚಿಕೊಂಡವರು ಫ್ರೆಂಚ್ ಕಾರ್ಮೆಲೈಟ್ ಪಾದ್ರಿ ಮೇರಿ ಎಫ್ರೆಮ್. ಅವರ ಯೋಚನೆಯನ್ನು ಕಾರ್ಯಕ್ಕಿಳಿಸಿದವರು ಸೋಫಿ ಲೀವ್ಸ್ ಎಂಬ ಆಂಗ್ಲ ಮಹಿಳೆ.

ಸೋಫಿ ಲೀವ್ಸ್ 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಆಂಗ್ಲಿಕನ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದರು. ಪ್ರೊಟೆಸ್ಟಂಟ್ ಪಾದ್ರಿಯ ಮನೆಯ ಹೆಣ್ಣುಮಗಳು 1850ರಲ್ಲಿ ಮಾಲ್ಟಾದಲ್ಲಿ ಕಥೋಲಿಕ ಪಂಥಕ್ಕೆ ಸೇರಿದ್ದೇ ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಅನಂತರ ಸಂತ ಜೋಸೆಫರ ಹೆಸರಿನ ಬೋಧಕ ಸಂಸ್ಥೆಯೊಂದನ್ನು ಸೇರಿ ವೆರೋನಿಕಾ ಎಂಬ ಹೆಸರು ಪಡೆದ ಅವರು 1862ರಲ್ಲಿ ಕಲ್ಲಿಕೋಟೆಗೆ ಬಂದು ಶಾಲೆ ನಡೆಸಿದರು. ಪಡುವಣ ಕರಾವಳಿಯ ಹೆಣ್ಣುಮಕ್ಕಳಿಗಾಗಿ ಕಾರ್ಮೆಲ್ ಪರಂಪರೆಯಲ್ಲಿಯೇ ಹೊಸದೊಂದು ಬೋಧಕ ಸಂಸ್ಥೆ ಬೇಕು ಎಂಬ ಎಫ್ರೆಮರ ಯೋಚನೆಗೂ ಅವರ ಅಂತರಂಗದ ಒಲವಿಗೂ ಗಂಟುಬಿದ್ದದ್ದು ಈ ಕಾಲದಲ್ಲಿ.

ಆ ಯೋಚನೆಯಲ್ಲಿದ್ದ ತೊಡಕನ್ನು ಇಲ್ಲಿ ವಿವರಿಸಬೇಕಾಗುತ್ತದೆ. ಕಾರ್ಮೆಲ್ ಎಂಬುದು ಪ್ಯಾಲೆಸ್ಟೀನಿನ ಬೆಟ್ಟವೊಂದರ ಹೆಸರು. ಅಲ್ಲಿನ ತಪಸ್ವಿಗಳಿಂದ ಆರಂಭವಾಗಿ, ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಆವಿಲಾದ ಸಂತ ತೆರೇಸಾ ಸುಧಾರಿಸಿದ ಸನ್ಯಾಸ ಪರಂಪರೆಗೂ ಅದೇ ಹೆಸರು ಉಳಿಯಿತು. ತೆರೇಸಾ ಪರಂಪರೆಯ ಸನ್ಯಾಸಿನಿಯರು ಮಠದ ಗೋಡೆ ದಾಟುವಂತಿಲ್ಲ, ಹೊರಗಿನವರೊಂದಿಗೆ ಮಾತಾಡಬೇಕಾದರೂ ನಡುವೆ ಜಾಲರಿ ಇರಬೇಕು, ಮೌನ ಮತ್ತು ಪ್ರಾರ್ಥನೆಯೇ ಅವರ ಕೆಲಸ. ಇಂಥ ಅಂತರ್ಮುಖಿ ಪರಂಪರೆಯ ಸ್ತ್ರೀಯರು ತರಗತಿಯಲ್ಲಿ ನಿಂತು ಲೆಕ್ಕ, ಭೂಗೋಳ ಕಲಿಸುವುದು ಹೇಗೆ? ಗೃಹಸ್ಥರಿಗೂ ಲೋಕದ ನಡುವೆ ಇರುವವರಿಗೂ ಎಂದು ಹಿಂದಿನಿಂದ ಇದ್ದ 'ಮೂರನೆಯ ಶ್ರೇಣಿ' ಎಂಬ ವ್ಯವಸ್ಥೆಯಡಿಯಲ್ಲಿ, ಧ್ಯಾನವನ್ನೂ ಬೋಧನೆಯನ್ನೂ ಒಂದೇ ದಿನಚರಿಯೊಳಗೆ ಹೊಂದಿಸಿಕೊಂಡ ಸಂಸ್ಥೆಯೊಂದನ್ನು ಕಟ್ಟುವುದು ಅವರು ಕಂಡುಕೊಂಡ ಉಪಾಯ. ವೆರೋನಿಕಾ 1868ರ ಜುಲೈ 16ರಂದು, ಅಂದರೆ ಕಾರ್ಮೆಲ್ ಮಾತೆಯ ಹಬ್ಬದ ದಿನ, ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಇಂತಹ ಬೋಧಕ ಸಂಸ್ಥೆಗಳ ಸರಳ ವ್ರತದ ಸ್ತ್ರೀಯರಿಗೆ ರೋಮ್ ಪೂರ್ಣ ಸನ್ಯಾಸಿನಿಯರ ಮಾನ್ಯತೆ ಕೊಟ್ಟದ್ದು 1900ರಲ್ಲಿ, ಪೋಪ್ ಹದಿಮೂರನೆಯ ಲಿಯೋ ಹೊರಡಿಸಿದ ಶಾಸನದ ಮೂಲಕ. ಅಂದರೆ ನಾಡಿನಲ್ಲಿ ಕಾನ್ವೆಂಟುಗಳೆಂದು ಹೆಸರಾದ ಎಷ್ಟೋ ಮನೆಗಳು ಅವುಗಳ ಮೊದಲ ದಶಕಗಳಲ್ಲಿ ಚರ್ಚಿನ ಕಟ್ಟುನಿಟ್ಟಾದ ಲೆಕ್ಕದಲ್ಲಿ ಪೂರ್ಣ ಪ್ರಮಾಣದ ಕನ್ಯಾಮಠಗಳೇ ಆಗಿರಲಿಲ್ಲ.

1870ರಲ್ಲಿ ಮೇರಿ ಎಫ್ರೆಮ್ ಮಂಗಳೂರಿನ ಧರ್ಮಾಧ್ಯಕ್ಷರಾದರು. ಫ್ರಾನ್ಸ್ ಮತ್ತು ಪ್ರಶ್ಯಗಳ ನಡುವೆ ಯುದ್ಧ ನಡೆಯುತ್ತಿದ್ದ ಆ ವರ್ಷವೇ ಎರಡು ಬಗೆಯ ಕಾರ್ಮೆಲ್ ಸ್ತ್ರೀಯರು ಮಂಗಳೂರಿನ ಕಡೆಗೆ ಹಡಗು ಹತ್ತಿದರು: ಜಾಲರಿಯ ಹಿಂದೆ ಬಾಳಬೇಕಾದವರು ಕೆಲವರು, ಶಾಲೆ ನಡೆಸಬೇಕಾದವರು ಕೆಲವರು. ದಾರಿಯ ಕಷ್ಟ ಮತ್ತು ರೋಗಗಳಿಂದ ಮೊದಲ ತಂಡದ ಕೆಲವರು ಮಂಗಳೂರು ಮುಟ್ಟುವ ಮೊದಲೇ ತೀರಿಕೊಂಡರು. ಬದುಕಿ ಬಂದವರಲ್ಲಿ ಗಲಿಲೀ ಸೀಮೆಯ ಮರಿಯಂ ಬವಾರ್ದಿ ಎಂಬ, ಓದುಬರಹ ಅಷ್ಟಾಗಿ ಬಾರದ ಯುವತಿಯೂ ಇದ್ದರು. 1871ರ ನವೆಂಬರಿನಲ್ಲಿ ಮಂಗಳೂರಿನಲ್ಲಿಯೇ ಅಂತಿಮ ವ್ರತ ತೊಟ್ಟ ಆಕೆಯನ್ನು ಮರುವರ್ಷ ಫ್ರಾನ್ಸಿಗೆ ವಾಪಸು ಕಳುಹಿಸಲಾಯಿತು, 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತಳೆಂದು ಘೋಷಿಸಿದರು. ಶಾಲೆ ನಡೆಸಬೇಕಾದವರು ಮದರ್ ಮೇರಿ ದೆಸ್ ಆಂಜ್ ಅವರ ಮುಂದಾಳತ್ವದಲ್ಲಿ 1870ರ ನವೆಂಬರ್ 19ರಂದು ಮಂಗಳೂರಿನಲ್ಲಿ ಇಳಿದರು. ಸೇಂಟ್ ಆನ್ಸ್ ಕಾನ್ವೆಂಟಿನ ಶಾಲೆ ಹೀಗೆ ಮೊದಲಾಯಿತು. ಮೂರು ವರ್ಷ ತುಂಬುವಷ್ಟರಲ್ಲಿ, 1873ರಲ್ಲಿ, ಧರ್ಮಾಧ್ಯಕ್ಷ ಎಫ್ರೆಮ್ ತೀರಿಕೊಂಡರು. ಬಯೋನ್‌ನ ಮೂಲಮನೆ ಬಹುಕಾಲ ಉಳಿಯಲಿಲ್ಲ. ತಾನು ಕಟ್ಟಿದ ಸಂಸ್ಥೆಯನ್ನು ನೋಡಲು ಮರಳಿ ಬರಲಾಗದ ವೆರೋನಿಕಾ ಫ್ರಾನ್ಸಿನ ಪೋ ಪಟ್ಟಣದ ಮೌನಮಠದಲ್ಲಿ 1906ರ ನವೆಂಬರಿನಲ್ಲಿ ಕಣ್ಣುಮುಚ್ಚಿದರು. ಬೇರು ಕಡಿದರೂ ನೆಟ್ಟ ಕೊಂಬೆ ಚಿಗುರುವಂತೆ ಮಂಗಳೂರಿನ ಮನೆಯೇ ಸಂಸ್ಥೆಯ ತಾಯಿಮನೆಯಾಯಿತು.

ಇಲ್ಲಿಂದ ಮುಂದಿನ ಬೆಳವಣಿಗೆಯಲ್ಲಿ ಗಮನಿಸಬೇಕಾದದ್ದು ಕಟ್ಟಡಗಳ ಸಂಖ್ಯೆಯನ್ನಲ್ಲ, ಶಿಕ್ಷಕಿಯರ ತಯಾರಿಯನ್ನು. ಯುರೋಪಿನಿಂದ ಬರುವ ಧರ್ಮಭಗಿನಿಯರ ಸಂಖ್ಯೆ ಎಂದೂ ಸಾಲುತ್ತಿರಲಿಲ್ಲವಾದ್ದರಿಂದ ಇಲ್ಲಿಯೇ ಓದಿದ ಹುಡುಗಿಯರನ್ನು ಶಿಕ್ಷಕಿಯರನ್ನಾಗಿ ಮಾಡುವುದು ಅನಿವಾರ್ಯವಾಯಿತು. ಅವರಲ್ಲಿ ಕೆಲವರು ಸಂಸ್ಥೆಗೇ ಸೇರಿ ಧರ್ಮಭಗಿನಿಯರಾದರು, ಉಳಿದವರು ಗೃಹಿಣಿಯರಾಗಿಯೋ ಒಂಟಿಯಾಗಿಯೋ ಇದ್ದು ಶಾಲೆಗಳಲ್ಲಿ ದುಡಿದರು. 1921ರಲ್ಲಿ ಮದರ್ ಅಲೋಶಿಯಾ ಅವರ ನೇತೃತ್ವದಲ್ಲಿ ಸೇಂಟ್ ಆಗ್ನೆಸ್ ಕಾಲೇಜು ಆರಂಭವಾಗಿ ಪಡುವಣ ಕರಾವಳಿಯ ಹುಡುಗಿಯರಿಗೆ ಪದವಿ ಶಿಕ್ಷಣ ಊರಿನಲ್ಲಿಯೇ ಸಿಗುವಂತಾಯಿತು. 1943ರಲ್ಲಿ ಸೇಂಟ್ ಆನ್ಸ್ ಶಿಕ್ಷಣ ಕಾಲೇಜು ಬಂತು. 1944ರಲ್ಲಿ ತ್ರಿಶ್ಶೂರಿನಲ್ಲಿ ಆರಂಭವಾದ ಮೌಂಟ್ ಕಾರ್ಮೆಲ್ ಕಾಲೇಜು 1948ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಯಿತು. ಅಕ್ಷರ ತಿದ್ದುವ ತರಗತಿಯಿಂದ ಶಿಕ್ಷಕಿಯ ಪದವಿಯವರೆಗೆ ಒಂದೇ ಸಂಸ್ಥೆಯ ಆವರಣಗಳೊಳಗೆ ಹುಡುಗಿಯೊಬ್ಬಳು ಸಾಗಬಹುದಾಗಿತ್ತು ಎಂಬುದು 1823ರ ಆ 60 ಹುಡುಗಿಯರ ಲೆಕ್ಕದ ಪಕ್ಕದಲ್ಲಿಟ್ಟು ನೋಡಬೇಕಾದ ಸಂಗತಿ. ಇದೇ ಕಾಲಕ್ಕೆ ಮೈಸೂರಿನಲ್ಲಿ 1881ರಲ್ಲಿ ಆರಂಭವಾದ ಮಹಾರಾಣಿ ಬಾಲಿಕಾ ಪಾಠಶಾಲೆಯೂ ಬೆಳೆದು ಕಾಲೇಜಾಗಿತ್ತು. ಮೇಲುಜಾತಿಯ ಹಿಂದೂ ಮನೆತನಗಳ ಹುಡುಗಿಯರನ್ನು ಶಾಲೆಗೆ ತಂದದ್ದರಲ್ಲಿ ಅರಮನೆಯ ಆ ಶಾಲೆಯ ಪಾಲು ಕನ್ಯಾಮಠಗಳದ್ದಕ್ಕಿಂತ ದೊಡ್ಡದು ಎಂದರೆ ತಪ್ಪಾಗದು.

ಕನ್ಯಾಮಠದ ಶಾಲೆಯ ಸಂಪ್ರದಾಯಗಳಲ್ಲಿ ಬಹಳಷ್ಟು ಸನ್ಯಾಸಿನಿಯರ ದಿನಚರಿಯಿಂದಲೇ ಇಳಿದು ಬಂದವು. ಗಂಟೆ ಹೊಡೆದರೆ ಮಾತು ನಿಲ್ಲಬೇಕು, ಸಾಲಾಗಿ ಸದ್ದಿಲ್ಲದೆ ನಡೆಯಬೇಕು, ದಿನವನ್ನು ಪ್ರಾರ್ಥನೆಯಿಂದ ತೆರೆದು ಪ್ರಾರ್ಥನೆಯಿಂದ ಮುಚ್ಚಬೇಕು, ಉಡುಪು ಎಲ್ಲರದೂ ಒಂದೇ ಇರಬೇಕು, ಕೂದಲು ಬಿಗಿಯಾಗಿ ಹೆಣೆದಿರಬೇಕು ಎಂಬ ನಿಯಮಗಳು ಮಠದಲ್ಲಿ ಆತ್ಮಸಂಯಮದ ಸಾಧನಗಳಾಗಿದ್ದವು, ಶಾಲೆಯಲ್ಲಿ ಶಿಸ್ತಿನ ಸಾಧನಗಳಾದವು. ಮಧ್ಯ ಕರ್ನಾಟಕದ ತಂದೆತಾಯಂದಿರು ಇಂದಿಗೂ 'ಕಾನ್ವೆಂಟ್ ಶಿಸ್ತು' ಎಂದು ಹೊಗಳುವಾಗ ಅವರಿಗೆ ಗೊತ್ತಿಲ್ಲದಂತೆಯೇ ಯುರೋಪಿನ ಹಳೆಯ ಮಠದ ದಿನಚರಿಯೊಂದನ್ನು ಹೊಗಳುತ್ತಿರುತ್ತಾರೆ. ಹೊಲಿಗೆ, ಕಸೂತಿ, ಕ್ರೋಶಾ ಹೆಣಿಗೆಗಳು ಇನ್ನೊಂದು ಎಳೆ. ಸರ್ಕಾರದ ಅನುದಾನದ ನಿಯಮಗಳಲ್ಲಿಯೂ ಹೊಲಿಗೆ ಬಾಲಕಿಯರ ಶಾಲೆಯ ಪಾಠಗಳಲ್ಲೊಂದಾಗಿತ್ತು. ಮಗಳು ಓದಿ ಏನು ಮಾಡಬೇಕು ಎಂದು ಕೇಳುವ ಅಜ್ಜಿಗೆ ಕಸೂತಿ ಹಾಕಿದ ದಿಂಬಿನ ಚೀಲ ತೋರಿಸಿ ಬಾಯಿ ಮುಚ್ಚಿಸಬಹುದಾಗಿದ್ದ ಕಾಲ ಅದು. ಹುಡುಗಿಯರನ್ನು ಮನೆಗೆಲಸದ ಚೌಕಟ್ಟಿನೊಳಗೇ ಇರಿಸಿದ ಪಾಠ ಎಂದು ಇದನ್ನು ಟೀಕಿಸುವವರಿದ್ದಾರೆ, ಆ ಟೀಕೆ ನ್ಯಾಯವಾದದ್ದೇ. ಆದರೆ ಸೂಜಿಯ ನೆಪದಲ್ಲಿ ಶಾಲೆಗೆ ಬಂದ ಹುಡುಗಿಯ ಕೈಗೆ ಪುಸ್ತಕವೂ ಸಿಕ್ಕಿತು.

ಪಾಲಕ ಸಂತರ ಹಬ್ಬ ಈ ಶಾಲೆಗಳ ವರ್ಷದ ದೊಡ್ಡ ದಿನ. ಪಾಲಕ ಸಂತರೆಂದರೆ ಯಾರ ಹೆಸರಿನಲ್ಲಿ ಶಾಲೆಯನ್ನು ಅರ್ಪಿಸಲಾಗಿದೆಯೋ ಅವರು: ಸಂತ ಆನ್ನಳ ಹಬ್ಬ ಜುಲೈ 26, ಸಂತ ಆಗ್ನೆಸಳದು ಜನವರಿ 21, ಆವಿಲಾದ ತೆರೇಸಾಳದು ಅಕ್ಟೋಬರ್ 15. ಅಂದು ಕಥೋಲಿಕ ಮಕ್ಕಳಿಗೆ ಬಲಿಪೂಜೆ ಎಂಬ ಚರ್ಚಿನ ಮುಖ್ಯ ಆರಾಧನೆ, ಎಲ್ಲ ಮಕ್ಕಳಿಗೆ ಸಿಹಿ, ಹಾಡು, ನಾಟಕ. ಮತಬೋಧೆಯ ವಿಷಯದಲ್ಲಿ ಶಾಲೆಗಳು ಎರಡು ದಾರಿ ಹಿಡಿದವು: ಕಥೋಲಿಕ ಮಕ್ಕಳಿಗೆ ಜ್ಞಾನೋಪದೇಶ, ಅಂದರೆ ಮತದ ತತ್ತ್ವಗಳನ್ನು ಪ್ರಶ್ನೋತ್ತರದ ರೂಪದಲ್ಲಿ ಕಲಿಸುವ ಪಾಠ, ಅದೇ ಅವಧಿಯಲ್ಲಿ ಉಳಿದವರಿಗೆ ನೀತಿಪಾಠ. ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಮತಬೋಧೆಗೆ ಕೂರಿಸಬಾರದು ಎಂಬ ಸಂವಿಧಾನದ 28ನೆಯ ವಿಧಿಯೂ, ಅಲ್ಪಸಂಖ್ಯಾತರು ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸಬಹುದು ಎಂಬ 30ನೆಯ ವಿಧಿಯೂ 1950ರಿಂದ ಈ ಶಾಲೆಗಳ ಎರಡು ಅಂಚುಗಳಾಗಿವೆ.

ಕರಾವಳಿಯಲ್ಲಿ ಈ ಸಂಪ್ರದಾಯಗಳೆಲ್ಲ ನೆಲೆಯೂರುತ್ತಿದ್ದಾಗ ತುಂಗಭದ್ರೆಯ ದಂಡೆ ಅವುಗಳಿಂದ ಬಹಳ ದೂರದಲ್ಲಿತ್ತು. ಹರಿಹರದ ಭೂಗೋಳವೇ ಇದಕ್ಕೆ ಅರ್ಧ ಕಾರಣ. ಹೊಯ್ಸಳ ದಂಡನಾಯಕ ಪೋಲಾಳ್ವ ಹದಿಮೂರನೆಯ ಶತಮಾನದಲ್ಲಿ ಹರಿಹರೇಶ್ವರ ದೇವಾಲಯ ಕಟ್ಟಿಸಿದಾಗ ಈ ಊರು ಹರಿ ಮತ್ತು ಹರರು ಒಂದೇ ಮೂರ್ತಿಯಲ್ಲಿ ಕೂಡುವ ಕ್ಷೇತ್ರವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಅದು ಮೂರು ಆಡಳಿತಗಳು ಒಂದಕ್ಕೊಂದು ಬೆನ್ನು ಹಾಕಿ ನಿಲ್ಲುವ ಗಡಿಯಾಗಿತ್ತು. ನದಿಯ ಈಚೆಗೆ ಮೈಸೂರು, ಆಚೆಗೆ ಮುಂಬಯಿ ಪ್ರಾಂತ್ಯದ ಧಾರವಾಡ, ಮೂಡಣಕ್ಕೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಚರ್ಚಿನ ಗಡಿಗಳೂ ಹೆಚ್ಚುಕಡಿಮೆ ಇದೇ ಗೆರೆಗಳನ್ನು ಅನುಸರಿಸಿದ್ದರಿಂದ ಮೈಸೂರಿನ ಫ್ರೆಂಚ್ ಪಾದ್ರಿಗಳಿಗೆ ಹರಿಹರವೇ ಕೊನೆಯ ಊರು, ಪುಣೆಯ ಕಡೆಯವರಿಗೂ ಮದ್ರಾಸಿನ ಕಡೆಯವರಿಗೂ ಅದು ಆಚೆಯ ಊರು. ಅಂಚಿನ ಊರಿಗೆ ಪಾದ್ರಿ ವರ್ಷಕ್ಕೆ ಕೆಲವು ಸಲ ಬಂದು ಹೋಗಬಹುದು; ವರ್ಷವಿಡೀ ತರಗತಿ ನಡೆಸಬೇಕಾದ, ಮನೆ, ಗುಡಿ, ಬಾವಿ, ಕಾವಲು ಎಲ್ಲ ಬೇಕಾದ ಕನ್ಯಾಮಠ ಅಲ್ಲಿಗೆ ಸುಲಭಕ್ಕೆ ಬರುವುದಿಲ್ಲ. 1865ರವರೆಗೆ ಹರಿಹರದ ಬಳಿ ಸೈನ್ಯದ ತುಕಡಿಯೊಂದಿತ್ತು, 1868ರಲ್ಲಿ ನದಿಗೆ ಸೇತುವೆಯಾಯಿತು, 1880ರ ದಶಕದ ಕೊನೆಗೆ ಬೆಂಗಳೂರಿನಿಂದ ರೈಲು ಬಂತು. ಆದರೂ ಮೈಸೂರು ಸೀಮೆಯ ಹಳೆಯ ಕನ್ಯಾಮಠಗಳು ಬೆಂಗಳೂರು, ಮೈಸೂರುಗಳ ಸುತ್ತಲೇ ಬೆಳೆದವು.

ಹರಿಹರಕ್ಕೆ ಶಾಲೆಗಿಂತ ಮೊದಲು ಬಂದದ್ದು ಆರೋಗ್ಯಮಾತೆ, ಅಂದರೆ ಕಾಯಿಲೆ ವಾಸಿಮಾಡುವ ತಾಯಿಯೆಂದು ಭಕ್ತರು ನಂಬುವ ಮರಿಯಮ್ಮನವರ ಗುಡಿ. ತುಂಗಭದ್ರೆಯೊಂದಿಗೆ ಹೆಣೆದುಕೊಂಡ ಐತಿಹ್ಯವಿರುವ, ಈಗ ಬೆಸಿಲಿಕಾ ಎಂಬ ವಿಶೇಷ ಪದವಿ ಪಡೆದಿರುವ ಆ ಪುಣ್ಯಕ್ಷೇತ್ರದಲ್ಲಿ ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಂದು, ಜಾತ್ರೆ ನಡೆಯುತ್ತದೆ; ಹಿಂದಿನ ಒಂಬತ್ತು ದಿನ ನೊವೇನಾ ಎಂಬ ವಿಶೇಷ ಪ್ರಾರ್ಥನೆ. ಹರಕೆ ಹೊತ್ತು ಬರುವವರಲ್ಲಿ ಕ್ರೈಸ್ತರಲ್ಲದವರ ಸಂಖ್ಯೆಯೇ ದೊಡ್ಡದು. ಕರಾವಳಿಯ ಕೊಂಕಣಿ ಕಥೋಲಿಕರಿಗೆ ಅದೇ ದಿನ ಮೊಂತಿ ಫೆಸ್ತ್: ಒಂಬತ್ತು ದಿನ ಮಕ್ಕಳು ಬುಟ್ಟಿ ತುಂಬ ಹೂವು ತಂದು ಬಾಲ ಮರಿಯಳಿಗೆ ಎರಚಿ, ಕೊನೆಯ ದಿನ ಚರ್ಚಿನಲ್ಲಿ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ದು ಅಂದು ಮಾಂಸವಿಲ್ಲದ ಊಟ ಮಾಡುತ್ತಾರೆ. ಕರಾವಳಿಯಿಂದ ಒಳನಾಡಿನ ಶಾಲೆಗಳಿಗೆ ವರ್ಗವಾಗಿ ಬಂದ ಧರ್ಮಭಗಿನಿಯರಿಗೆ ಸೆಪ್ಟೆಂಬರ್ 8 ಹೊಸ ಅಕ್ಕಿಯ ಹಬ್ಬ; ಹರಿಹರದಲ್ಲಿ ಅದು ಕಾಯಿಲೆ ವಾಸಿಯಾದವರು ಬಂದು ಮೇಣದ ಬತ್ತಿ ಹಚ್ಚುವ ಹಬ್ಬ.

ಈ ಭಾಗಕ್ಕೆ ಇಂಗ್ಲಿಷ್ ಶಾಲೆಯ ಬೇಡಿಕೆ ಹುಟ್ಟಿಸಿದ್ದು ಧರ್ಮಕ್ಕಿಂತ ಹೆಚ್ಚಾಗಿ ಗಿರಣಿ ಮತ್ತು ಕಾರ್ಖಾನೆ. ಹತ್ತಿಯ ವ್ಯಾಪಾರದಿಂದ ಬೆಳೆದು 1930ರ ದಶಕದಿಂದ ಬಟ್ಟೆ ಗಿರಣಿಗಳ ಊರಾದ ದಾವಣಗೆರೆಯಲ್ಲಿಯೂ, 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಗಿ ಲೇತ್ ಯಂತ್ರಗಳನ್ನು ತಯಾರಿಸಿದ ಹರಿಹರದಲ್ಲಿಯೂ, ಆಮೇಲೆ ನದಿಯಾಚೆಯ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯ ಸುತ್ತಲೂ ಹೊರನಾಡುಗಳಿಂದ ಬಂದ ಎಂಜಿನಿಯರರು, ಗುಮಾಸ್ತರು, ಕುಶಲ ಕೆಲಸಗಾರರು ನೆಲೆಸಿದರು; ಮತ್ತೆ ವರ್ಗವಾದರೆ ಎಲ್ಲಿ ಬೇಕಾದರೂ ಮುಂದುವರಿಸಬಹುದಾದ ಓದು ಅವರ ಮಕ್ಕಳಿಗೆ ಬೇಕಿತ್ತು. 1965ರಲ್ಲಿ ದಾವಣಗೆರೆಗೆ ವೈದ್ಯಕೀಯ ಕಾಲೇಜು ಬಂದ ಮೇಲೆ ಊರಿನ ವರ್ತಕರೂ ತಮ್ಮ ಮಕ್ಕಳನ್ನು, ಹೆಣ್ಣುಮಕ್ಕಳನ್ನೂ ಸೇರಿಸಿ, ಆ ದಾರಿಯಲ್ಲಿ ನೋಡತೊಡಗಿದರು. ಇತ್ತ ಚರ್ಚಿನ ಆಡಳಿತವೂ ಹತ್ತಿರ ಬಂತು: 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ, 1988ರ ನವೆಂಬರ್ 14ರಂದು ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗದ ಪ್ರದೇಶಗಳನ್ನು ಒಳಗೊಂಡ ಶಿವಮೊಗ್ಗ ಧರ್ಮಪ್ರಾಂತ್ಯ ರಚನೆಯಾದವು. ಮಠಗಳು ನಡೆಸುವ ವಿದ್ಯಾಸಂಸ್ಥೆಗಳು ಮತ್ತು ಉಚಿತ ಪ್ರಸಾದನಿಲಯಗಳು ಆಗಲೇ ಬೇರುಬಿಟ್ಟಿದ್ದ ಈ ನೆಲದಲ್ಲಿ ಕಾವಿಯ ಮಠ ಶಾಲೆ ನಡೆಸುವುದನ್ನು ಕಂಡವರಿಗೆ ಕನ್ಯಾಮಠ ಶಾಲೆ ನಡೆಸುವುದು ಅಚ್ಚರಿಯೆನಿಸಲಿಲ್ಲ. ಹೆಂಗಸರೇ ಒಡತಿಯರಾಗಿ, ಲೆಕ್ಕಪತ್ರದಿಂದ ಹಿಡಿದು ಬೆತ್ತದವರೆಗೆ ಎಲ್ಲವನ್ನೂ ತಾವೇ ಹಿಡಿದು ನಡೆಸುವುದು ಮಾತ್ರ ಹೊಸದು.

ಆಮೇಲೆ ಪದ ಸಂಸ್ಥೆಯಿಂದ ಕಳಚಿಕೊಂಡಿತು. ಶಾಲೆಗಳಲ್ಲಿ ಕನ್ನಡದ ಸ್ಥಾನ ಕುರಿತ ಗೋಕಾಕ್ ಸಮಿತಿಯ 1981ರ ವರದಿ ಮತ್ತು ಮರುವರ್ಷದ ಚಳವಳಿ, ಪ್ರಾಥಮಿಕ ಹಂತದಲ್ಲಿ ಕನ್ನಡ ಅಥವಾ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದ 1994ರ ಸರ್ಕಾರಿ ಆದೇಶ, ಮಾಧ್ಯಮವನ್ನು ಹೇರಲಾಗದು ಎಂದ ಸುಪ್ರೀಂ ಕೋರ್ಟಿನ 2014ರ ಮೇ 6ರ ತೀರ್ಪು, ಇವುಗಳ ನಡುವಿನ ಮೂರು ದಶಕಗಳ ವಾಗ್ವಾದದಲ್ಲಿ ಕಾನ್ವೆಂಟ್ ಎಂಬುದು ಇಂಗ್ಲಿಷ್ ಮಾಧ್ಯಮಕ್ಕೆ ಪರ್ಯಾಯ ಪದವಾಯಿತು, ಪರವಾಗಿ ವಾದಿಸುವವರಿಗೂ ವಿರುದ್ಧವಾಗಿ ವಾದಿಸುವವರಿಗೂ. ಧರ್ಮಭಗಿನಿಯರು ನಡೆಸುವ ಹಲವು ಶಾಲೆಗಳು ಅನುದಾನಿತ ಕನ್ನಡ ಮಾಧ್ಯಮದ ಶಾಲೆಗಳೇ ಆಗಿವೆ ಎಂಬುದು ಈ ಗದ್ದಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ. ಅವುಗಳನ್ನು ಊರಿನವರು ಕಾನ್ವೆಂಟ್ ಎನ್ನದೆ 'ಸಿಸ್ಟರ್ ಶಾಲೆ' ಎನ್ನುವುದೂ ಉಂಟು.

ಕನ್ಯಾಮಠದೊಳಗೂ ಬದಲಾವಣೆಯಾಯಿತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ಅನಂತರ ಬಲಿಪೂಜೆ ಲ್ಯಾಟಿನ್ನಿನಿಂದ ಜನಭಾಷೆಗೆ ಬಂತು. ಹಾಡುವ, ಕಲಿಸುವ ಸನ್ಯಾಸಿನಿಯರು ಬೇರೆ, ಅಡುಗೆ ಮತ್ತು ತೋಟದ ಕೆಲಸದ ಸನ್ಯಾಸಿನಿಯರು ಬೇರೆ ಎಂದು ಯುರೋಪಿನಿಂದ ಬಂದಿದ್ದ ಮೇಲುಕೀಳಿನ ಶ್ರೇಣಿ ಅಳಿಯಿತು. ಉದ್ದನೆಯ ನಿಲುವಂಗಿಯ ಬದಲು ಸೀರೆ ಉಡುವವರ ಸಂಖ್ಯೆ ಹೆಚ್ಚಿತು. ಈಗ ಇಂತಹ ಶಾಲೆಗಳ ತರಗತಿಗಳಲ್ಲಿ ಪಾಠ ಹೇಳುವವರಲ್ಲಿ ಹೆಚ್ಚಿನವರು ಊರಿನ ಗೃಹಿಣಿಯರೇ, ಅವರಲ್ಲಿ ಹಲವರು ಅದೇ ಶಾಲೆಯಲ್ಲಿ ಓದಿದವರು. ಧರ್ಮಭಗಿನಿಯರು ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲೋ ಕಚೇರಿಯಲ್ಲೋ ಒಬ್ಬಿಬ್ಬರು ಕಾಣುತ್ತಾರೆ. ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಆಟೋ ಹತ್ತಿ ಹೋದ ಮೇಲೆ ಅವರು ಅಂಗಳ ದಾಟಿ ಹಿಂದಿನ ಚಿಕ್ಕ ಕಟ್ಟಡಕ್ಕೆ ಹೋಗುತ್ತಾರೆ. ಮೂಲಾರ್ಥದಲ್ಲಿ ಕಾನ್ವೆಂಟ್ ಎಂದರೆ ಆ ಕಟ್ಟಡವೇ. ಆದರೆ ಆ ಹೆಸರನ್ನು ಶಾಲೆ ತೆಗೆದುಕೊಂಡುಬಿಟ್ಟಿರುವುದರಿಂದ ಅದನ್ನು ಗುರುತಿಸಿ ಹೇಳಬೇಕಾದಾಗ 'ಸಿಸ್ಟರ್‌ಗಳ ಮನೆ' ಎನ್ನಬೇಕಾಗುತ್ತದೆ.